ಯಾರೂ ಇಲ್ಲವೆಂದು ಕಂಪ್ಯೂಟರಿಗೆ ಗೊತ್ತಾಗುವುದು ಹೇಗೆ?

ಕಂಪ್ಯೂಟರ್ ಕೆಟ್ಟರೆ ಸಾಮಾನ್ಯವಾಗಿ ರಂಪ ಮಾಡುತ್ತದೆ. ಪರದೆ ನೀಲಿಯಾಗುತ್ತದೆ, ಎಚ್ಚರಿಕೆಯ ಪೆಟ್ಟಿಗೆಯೊಂದು ಧುತ್ತೆಂದು ಎದುರಾಗುತ್ತದೆ, ಅದ್ಯಾವುದೂ ಇಲ್ಲದಿದ್ದರೆ ಒಳಗಿನ ಫ್ಯಾನಾದರೂ ಬೊಬ್ಬೆ ಹಾಕುತ್ತದೆ. ಸ್ಕ್ರೀನ್‌ಸೇವರ್ ಕೆಟ್ಟಾಗ ಮಾತ್ರ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಅದರ ಕಾಯಿಲೆ. ಐದು ನಿಮಿಷಕ್ಕೆ ಬರಲಿ ಎಂದು ಹೊಂದಿಸಿ, ಎದ್ದುಹೋಗಿ, ಕಾಫಿ ಕುಡಿದು, ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಿ ಬಂದರೂ ಅದೇ ಎಕ್ಸೆಲ್ ಹಾಳೆ, ಅದೇ ಮಿಣುಕುವ ಗೀಟು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಚಿತ್ರದ ಮೇಲೆ ತಪ್ಪು ಹೊರಿಸುತ್ತಾರೆ. ಗುಳ್ಳೆಗಳದ್ದು ಸರಿಯಿಲ್ಲ, ರಿಬ್ಬನ್ನಿನದು ಹಾಕೋಣ ಎಂದು ಬದಲಾಯಿಸುತ್ತಾರೆ. ಅದೂ ಬರದಿದ್ದರೆ ಇಂಟರ್ನೆಟ್ಟಿನಿಂದ ಹೊಸದೊಂದನ್ನು ಇಳಿಸಿಕೊಳ್ಳುತ್ತಾರೆ. ಬಹುಪಾಲು ಇದು ದಂಡದ ಕೆಲಸ. ಯಾಕೆಂದರೆ ನಾವು ಸ್ಕ್ರೀನ್‌ಸೇವರ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ಇಬ್ಬರು ಕೆಲಸಗಾರರಿದ್ದಾರೆ. ಒಬ್ಬ ಚಿತ್ರ ಬಿಡಿಸುವವನು, ಇನ್ನೊಬ್ಬ ಕಾಯುವವನು. ಬಿಡಿಸುವವನ ಕೆಲಸ ಸಲೀಸು. ಬಾ ಎಂದಾಗ ಬಂದು ಗುಳ್ಳೆ ತೇಲಿಸಿದರಾಯಿತು. ಕಾಯುವವನ ಪಾಡು ಬೇರೆ. ಅವನಿಗೆ ಕಣ್ಣಿಲ್ಲ, ಕಿವಿಯಿಲ್ಲ. ಪೆಟ್ಟಿಗೆಯೊಳಗೆ ಕೂತೇ ಹೊರಗಡೆ ಮನುಷ್ಯರು ಇದ್ದಾರೋ ಎದ್ದುಹೋದರೋ ಎಂದು ತೀರ್ಮಾನಿಸಬೇಕು. ಸ್ಕ್ರೀನ್‌ಸೇವರ್ ಬರುತ್ತಿಲ್ಲ ಎಂದರೆ ಸಾಮಾನ್ಯವಾಗಿ ತಪ್ಪಿರುವುದು ಇವನ ಲೆಕ್ಕ.

ಹಾಗಾದರೆ ತಪ್ಪಿರುವುದು ಇವನದೋ ಅವನದೋ ಎಂದು ಮೊದಲು ಬೇರ್ಪಡಿಸಿ ನೋಡಬೇಕು. ವಿಂಡೋಸ್‌ನಲ್ಲಿ ಇದು ಅರ್ಧ ನಿಮಿಷದ ಕೆಲಸ. ಸ್ಕ್ರೀನ್‌ಸೇವರ್ ಸೆಟ್ಟಿಂಗ್ಸ್ ತೆರೆಯಿರಿ. ಹೊಸ ಆವೃತ್ತಿಗಳಲ್ಲಿ ಇದು ಎಲ್ಲೋ ಮೂಲೆ ಸೇರಿದೆ. ಹುಡುಕುವ ಪೆಟ್ಟಿಗೆಯಲ್ಲಿ ಸ್ಕ್ರೀನ್ ಸೇವರ್ ಎಂದು ಬರೆದರೆ ಸಿಗುತ್ತದೆ. ಅಲ್ಲಿ ನಿಜಕ್ಕೂ ಯಾವುದಾದರೂ ಆಯ್ಕೆಯಾಗಿದೆಯೇ, ಅಥವಾ 'ನನ್' ಎಂದು ಇದೆಯೇ ಎಂದು ನೋಡಿ. ಹೊಸದಾಗಿ ವಿಂಡೋಸ್ ಹಾಕಿಸಿದ ಕಂಪ್ಯೂಟರುಗಳಲ್ಲಿ 'ನನ್' ಇರುವುದೇ ವಾಡಿಕೆ. ಆಯ್ಕೆ ಸರಿಯಿದ್ದರೆ ಪಕ್ಕದ ಪ್ರಿವ್ಯೂ ಗುಂಡಿ ಒತ್ತಿ, ಮೌಸ್ ಅಲುಗದಂತೆ ಕೈ ಎತ್ತಿಬಿಡಿ. ಚಿತ್ರ ಬಂತೋ, ಬಿಡಿಸುವವನು ನಿರಪರಾಧಿ.

ಈ ಪರೀಕ್ಷೆಯನ್ನು ನಂಬಲು ಕಾರಣವಿದೆ. ವಿಂಡೋಸ್‌ನ ಸ್ಕ್ರೀನ್‌ಸೇವರ್ ಎಂಬುದು ಚಿತ್ರವೂ ಅಲ್ಲ, ವಿಡಿಯೋವೂ ಅಲ್ಲ. ಅದೊಂದು ಪೂರ್ಣಪ್ರಮಾಣದ ಪ್ರೋಗ್ರಾಂ. ಕಡತದ ಹೆಸರಿನ ಕೊನೆಗೆ ಇಎಕ್ಸ್‌ಇ ಬದಲು ಎಸ್‌ಸಿಆರ್ ಎಂದಿರುತ್ತದೆ, ಅಷ್ಟೇ ವ್ಯತ್ಯಾಸ. ಕಾದು ಸಾಕಾದಾಗ ವಿಂಡೋಸ್ ಇದನ್ನು 'ಎಸ್' ಎಂಬ ಒಂದಕ್ಷರದ ಸೂಚನೆ ಕೊಟ್ಟು ಓಡಿಸುತ್ತದೆ. ಸೆಟ್ಟಿಂಗ್ಸ್ ತೋರಿಸು ಎನ್ನಲು 'ಸಿ', ಪುಟ್ಟ ಮಾದರಿ ಪರದೆಯಲ್ಲಿ ಆಡು ಎನ್ನಲು 'ಪಿ'. ಪ್ರಿವ್ಯೂ ಗುಂಡಿ ಒತ್ತಿದಾಗ ಓಡುವುದು ಅದೇ ಪ್ರೋಗ್ರಾಂ. ಕಾಯುವ ಭಾಗವನ್ನು ಮಾತ್ರ ನಡುವಿನಿಂದ ಎತ್ತಿಹಾಕಿದ್ದೇವೆ. ಎಲ್ಲಿಂದಲೋ ಸ್ಕ್ರೀನ್‌ಸೇವರ್ ಇಳಿಸಿಕೊಳ್ಳಬೇಡಿ ಎಂದು ತಿಳಿದವರು ಹೇಳುವುದೂ ಇದಕ್ಕೇ. ಜಲಪಾತದ ಚಿತ್ರವೆಂದು ನೀವು ಒತ್ತುವುದು ಯಾರೋ ಬರೆದ ಪ್ರೋಗ್ರಾಮನ್ನು, ಅದಕ್ಕೆ ನಿಮ್ಮ ಕಂಪ್ಯೂಟರಿನಲ್ಲಿ ಏನು ಬೇಕಾದರೂ ಮಾಡುವ ಸ್ವಾತಂತ್ರ್ಯವಿದೆ. ವೈರಸ್ ಬರೆಯುವವರು ಈ ಬಾಗಿಲನ್ನು ಧಾರಾಳವಾಗಿ ಬಳಸಿಕೊಂಡಿದ್ದಾರೆ.

ಪ್ರಿವ್ಯೂನಲ್ಲೂ ಬರದಿದ್ದರೆ ತೊಂದರೆ ಚಿಕ್ಕದು, ಉತ್ತರವೂ ಚಿಕ್ಕದು. ಫೋಟೋ ತೋರಿಸುವ ಸ್ಕ್ರೀನ್‌ಸೇವರ್ ಆಗಿದ್ದರೆ ಆ ಫೋಟೋಗಳ ಫೋಲ್ಡರನ್ನು ಯಾರೋ ಬೇರೆಡೆಗೆ ಸಾಗಿಸಿರುತ್ತಾರೆ. ಮೂರು ಆಯಾಮದ ಚಿತ್ರವಾಗಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿರುತ್ತದೆ ಅಥವಾ ಇರುವುದೇ ಇಲ್ಲ. ಡ್ರೈವರ್ ಹೊಸದು ಹಾಕಿಸಿ, ಮುಂದೆ ಹೋಗೋಣ. ನಮಗೆ ಬೇಕಿರುವುದು ಪ್ರಿವ್ಯೂನಲ್ಲಿ ಚೆಂದಾಗಿ ಕುಣಿದು, ಬೇಕಾದ ಹೊತ್ತಿಗೆ ಬಾರದ ಸ್ಕ್ರೀನ್‌ಸೇವರಿನ ಕಥೆ.

ಅದಕ್ಕೆ ಮೊದಲು, ಈ ಕಾಯುವ ಉದ್ಯೋಗ ಹುಟ್ಟಿದ್ದಾದರೂ ಯಾಕೆ ಎಂದು ನೋಡಬೇಕು. ಹಳೆಯ ಡುಬ್ಬದ ಮಾನಿಟರುಗಳ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಪುಡಿಯ ಲೇಪವಿರುತ್ತಿತ್ತು. ಹಿಂಬದಿಯಿಂದ ಹೊರಟ ಎಲೆಕ್ಟ್ರಾನುಗಳು ಸಾವಿರಾರು ವೋಲ್ಟುಗಳ ಸೆಳೆತಕ್ಕೆ ಸಿಕ್ಕಿ ಬಂದು ಅಪ್ಪಳಿಸಿದಾಗ ಆ ಪುಡಿ ಬೆಳಗುತ್ತದೆ. ಪ್ರತಿ ಹೊಡೆತಕ್ಕೂ ಅದು ಒಂದಿಷ್ಟು ಸವೆಯುತ್ತದೆ. ಇಡೀ ಪರದೆ ಒಂದೇ ಸಮ ಸವೆದರೆ ಚಿಂತೆಯಿರಲಿಲ್ಲ, ನಮ್ಮ ಕಣ್ಣಿಗೆ ತಿಳಿಯುತ್ತಲೂ ಇರಲಿಲ್ಲ. ಆದರೆ ದಿನವಿಡೀ ಒಂದೇ ಮೆನು ಒಂದೇ ಜಾಗದಲ್ಲಿ ಉರಿದರೆ ಆ ಜಾಗದ ಪುಡಿ ಮಾತ್ರ ಮುಪ್ಪಾಗುತ್ತದೆ. ಕಂಪ್ಯೂಟರ್ ಆರಿಸಿದ ಮೇಲೂ ಮೆನುವಿನ ಅಕ್ಷರಗಳು ಗಾಜಿನ ಮೇಲೆ ಕಂದಿದ ಕಲೆಯಾಗಿ ಕಾಣುತ್ತಿದ್ದವು. ಪ್ಯಾಕ್‌ಮ್ಯಾನ್ ಆಟದ ಯಂತ್ರಗಳಲ್ಲಿ ಅದರ ಚಕ್ರವ್ಯೂಹ ಹೀಗೆಯೇ ಅಚ್ಚೊತ್ತಿ ಕೂತದ್ದುಂಟು.

ಇಂಥ ಕಲೆ ಬೀಳದಿರಲೆಂದು 1979ರಲ್ಲಿ ಬಂದ ಅಟಾರಿ 400 ಮತ್ತು 800 ಕಂಪ್ಯೂಟರುಗಳು ಒಂಬತ್ತು ನಿಮಿಷದ ಹೊತ್ತು ಯಾರೂ ಕೀಲಿ ಒತ್ತದಿದ್ದರೆ ಪರದೆಯ ಬಣ್ಣಗಳನ್ನು ತಾವಾಗಿಯೇ ಬದಲಿಸುತ್ತ ಕೂರುತ್ತಿದ್ದವು. ಐಬಿಎಂ ಪಿಸಿಗೆ ಇಂಥದ್ದನ್ನು ಬರೆದವನು ಜಾನ್ ಸೋಕಾ. ಮುಂದೆ ನಾರ್ಟನ್ ಕಮಾಂಡರ್ ಬರೆದು ಹೆಸರಾದವನು ಇವನೇ. 1983ರ ಡಿಸೆಂಬರಿನ 'ಸಾಫ್ಟಾಕ್' ಪತ್ರಿಕೆಯಲ್ಲಿ ಅಚ್ಚಾದ ಅವನ ಪ್ರೋಗ್ರಾಂ ಮಾಡುತ್ತಿದ್ದುದು ಇಷ್ಟೇ: ಮೂರು ನಿಮಿಷ ಸದ್ದಿಲ್ಲದಿದ್ದರೆ ಪರದೆಯನ್ನು ಕಪ್ಪಾಗಿಸುವುದು. ಮೂರನ್ನು ಐದು ಮಾಡಬೇಕೆಂದರೆ ಪ್ರೋಗ್ರಾಮನ್ನೇ ತಿದ್ದಿ ಮತ್ತೆ ಕಟ್ಟಬೇಕಿತ್ತು. ರೆಕ್ಕೆ ಬಡಿಯುವ ಟೋಸ್ಟರುಗಳು ಬಂದದ್ದು ಆಮೇಲೆ, 1989ರ 'ಆಫ್ಟರ್ ಡಾರ್ಕ್' ಕಾಲದಲ್ಲಿ. ಚಿತ್ರದ ವೈಭವ ಬೆಳೆಯಿತು, ನಿಜ. ಕಾಯುವವನ ಬುದ್ಧಿ ಮಾತ್ರ ಸೋಕಾನ ಕಾಲದಿಂದ ತೀರಾ ಮುಂದೇನೂ ಹೋಗಿಲ್ಲ.

ಆ ಬುದ್ಧಿ ಇಷ್ಟೇ: ಕೀಲಿಯೊಂದು ಒತ್ತಿದಾಗಲೆಲ್ಲ, ಮೌಸ್ ಅಲುಗಿದಾಗಲೆಲ್ಲ ವಿಂಡೋಸ್ ಆ ಕ್ಷಣದ ಹೊತ್ತನ್ನು ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ. ಹಿಂದಿನದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಈಗಿನ ಹೊತ್ತಿನಿಂದ ಬರೆದಿಟ್ಟ ಹೊತ್ತನ್ನು ಕಳೆದಾಗ ಬರುವ ಉತ್ತರ ನೀವು ಕೊಟ್ಟ ಅವಧಿಯನ್ನು ಮುಟ್ಟಿದರೆ, ಯಾರೂ ಇಲ್ಲ ಎಂದು ತೀರ್ಮಾನ. ಹತ್ತು ನಿಮಿಷ ಎಂದರೆ ಬೇಕಾದದ್ದು ಒಟ್ಟು ಹತ್ತು ನಿಮಿಷದ ಮೌನವಲ್ಲ, ಎಡೆಬಿಡದ ಹತ್ತು ನಿಮಿಷದ ಮೌನ. ಒಂಬತ್ತು ನಿಮಿಷ ಐವತ್ತೊಂಬತ್ತನೆಯ ಸೆಕೆಂಡಿನಲ್ಲಿ ಮೌಸ್ ಒಂದು ಬಿಂದುವಿನಷ್ಟು ಜರುಗಿದರೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಈ 'ಎಡೆಬಿಡದ' ಎಂಬ ಷರತ್ತು ತೋರುವುದಕ್ಕಿಂತ ಬಹಳ ಕಠಿಣ. ಎಲ್ಲಿಂದಲೋ ಒಂದು ಸಣ್ಣ ಅಲುಗಾಟ, ಇಂತಿಷ್ಟೇ ಹೊತ್ತಿಗೆ ಎಂದಿಲ್ಲದೆ, ಸರಾಸರಿ ಮೂರು ನಿಮಿಷಕ್ಕೊಮ್ಮೆ ಬರುತ್ತಿದೆ ಅನ್ನಿ. ಸ್ಕ್ರೀನ್‌ಸೇವರ್ ಒಂದು ನಿಮಿಷಕ್ಕೆ ಹೊಂದಿಸಿದ್ದರೆ ಅದು ಬರಲು ತಗಲುವ ಸರಾಸರಿ ಸಮಯ ಸುಮಾರು 1 ನಿಮಿಷ 11 ಸೆಕೆಂಡು. ತೊಂದರೆ ಇದೆಯೆಂದು ನಿಮಗೆ ಅನ್ನಿಸುವುದೇ ಇಲ್ಲ. ಅದನ್ನೇ ಹತ್ತು ನಿಮಿಷಕ್ಕೆ ಹೊಂದಿಸಿ: ಸರಾಸರಿ 81 ನಿಮಿಷ ಕಾಯಬೇಕು. ಹದಿನೈದು ನಿಮಿಷಕ್ಕೆ ಇಟ್ಟರೋ, ಏಳು ಗಂಟೆಗೂ ಮೀರಿ. ಅವಧಿಯನ್ನು ಒಂದೂವರೆ ಪಟ್ಟು ಹಿಗ್ಗಿಸಿದ್ದಕ್ಕೆ ಕಾಯುವಿಕೆ ಐದು ಪಟ್ಟಿಗೂ ಹೆಚ್ಚಾಯಿತು.

ಜಯನಗರದ ಯಾವುದಾದರೂ ದೊಡ್ಡ ರಸ್ತೆಯಲ್ಲಿ ಸಿಗ್ನಲ್ ಇಲ್ಲದೆಡೆ ದಾಟಲು ನಿಂತವರಿಗೆ ಈ ಗಣಿತ ಕಾಲಿಗೇ ಗೊತ್ತಿರುತ್ತದೆ. ಚುರುಕಾಗಿ ಓಡಬಲ್ಲ ಹುಡುಗನಿಗೆ ನಾಲ್ಕು ಸೆಕೆಂಡಿನ ಬಿಡುವು ಸಾಕು, ಅದು ಬೇಗ ಸಿಗುತ್ತದೆ. ಕೋಲೂರಿ ನಡೆಯುವ ಅಜ್ಜನಿಗೆ ಹನ್ನೆರಡು ಸೆಕೆಂಡಿನ ಬಿಡುವು ಬೇಕು. ಅವರು ಹುಡುಗನ ಮೂರು ಪಟ್ಟಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ನಿಲ್ಲುತ್ತಾರೆ. ಮಾತು ಬರೀ ಹೋಲಿಕೆಯದಲ್ಲ, ಎರಡಕ್ಕೂ ಸೂತ್ರ ಒಂದೇ. ಬ್ರಿಟನ್ನಿನ ಡಬ್ಲ್ಯು. ಎಫ್. ಆಡಮ್ಸ್ 1936ರಲ್ಲಿ ಅದನ್ನು ರಸ್ತೆ ದಾಟುವವರಿಗಾಗಿ ಬರೆದ. ಬೇಕಾದ ಬಿಡುವು ಹಿಗ್ಗಿದಂತೆ ಕಾಯುವ ಹೊತ್ತು ಘಾತೀಯವಾಗಿ ಏರುತ್ತದೆ.

"ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ" ಎಂಬ ಬೇಸರದ ದೂರಿಗೆ ಇಲ್ಲಿ ಉತ್ತರವಿದೆ. ಯಂತ್ರದ ಚಾಳಿ ಬದಲಾಗಿಲ್ಲ. ಯಾವತ್ತೋ ಒಂದು ದಿನ ಅಲುಗಾಟಗಳ ನಡುವೆ ದೊಡ್ಡ ಬಿಡುವು ಸಿಕ್ಕಿತು, ಇನ್ನೊಂದು ದಿನ ಸಿಗಲಿಲ್ಲ. ಪತ್ತೆ ಮಾಡುವವರಿಗೂ ಇಲ್ಲೊಂದು ಎಚ್ಚರಿಕೆಯಿದೆ. ಪರೀಕ್ಷೆ ಬೇಗ ಮುಗಿಯಲೆಂದು ಅವಧಿಯನ್ನು ಒಂದು ನಿಮಿಷಕ್ಕೆ ಇಳಿಸುವುದು ರೂಢಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಂದು ನಿಮಿಷದಲ್ಲಿ ಬಂತೆಂದು ರೋಗ ವಾಸಿಯಾಯಿತು ಎನ್ನುವಂತಿಲ್ಲ. ಒಂದು ನಿಮಿಷಕ್ಕೂ ಬರದಿದ್ದರೆ ತೊಂದರೆ ಕೊಡುತ್ತಿರುವವನು ಎಡೆಬಿಡದೆ ಕೊಡುತ್ತಿದ್ದಾನೆ. ಒಂದಕ್ಕೆ ಬಂದು ಹತ್ತಕ್ಕೆ ಬರದಿದ್ದರೆ ಆಗಾಗ ಬಂದು ತಟ್ಟಿ ಹೋಗುತ್ತಿದ್ದಾನೆ. ಎರಡೂ ಬೇರೆ ಬೇರೆ ಸುಳಿವು.

ತಟ್ಟಿ ಹೋಗುವವರಲ್ಲಿ ಮೊದಲ ಗುಮಾನಿ ಮೌಸ್ ಮೇಲೆ.

ಉಂಡೆ ಇದ್ದ ಕಾಲದ ಮೌಸ್ ತನ್ನಷ್ಟಕ್ಕೆ ಅಲುಗುತ್ತಿದ್ದುದು ಕಡಿಮೆ. ಮುಟ್ಟಿ ಉರುಳಿಸದೆ ಉಂಡೆ ಉರುಳುವುದಿಲ್ಲ. 1999ರ ಸುಮಾರಿಗೆ ಮಾರುಕಟ್ಟೆಗೆ ಬಂದ ಬೆಳಕಿನ ಮೌಸ್ ಕೆಲಸ ಮಾಡುವ ಬಗೆಯೇ ಬೇರೆ. ಅದರ ಹೊಟ್ಟೆಯಲ್ಲೊಂದು ಪುಟಾಣಿ ಕ್ಯಾಮೆರಾ ಇದೆ. ಕೆಂಪು ದೀಪ ಓರೆಯಾಗಿ ಮೇಜಿನ ಮೇಲೆ ಬೆಳಕು ಚೆಲ್ಲುತ್ತದೆ. ಹೀಗೆ ಓರೆಯಾಗಿ ಬಿದ್ದ ಬೆಳಕಿಗೆ ಮರದ ನಾರು, ಬಟ್ಟೆಯ ಎಳೆ, ಕಾಗದದ ಒರಟು ಎಲ್ಲಕ್ಕೂ ಸಣ್ಣ ಸಣ್ಣ ನೆರಳು ಮೂಡುತ್ತದೆ. ಕ್ಯಾಮೆರಾ ಆ ನೆರಳುಗಳ ಫೋಟೋ ತೆಗೆಯುತ್ತದೆ, ಮೊದಲ ಪೀಳಿಗೆಯ ಸಂವೇದಕಗಳಲ್ಲೇ ಸೆಕೆಂಡಿಗೆ ಸುಮಾರು 1500. ಫೋಟೋ ಎಂದರೆ ಮದುವೆ ಆಲ್ಬಮ್ಮಿನದಲ್ಲ. ಉದ್ದಕ್ಕೆ ಹದಿನಾರು, ಅಡ್ಡಕ್ಕೆ ಹದಿನಾರು ಚುಕ್ಕೆಗಳ ಮಸುಕು ಚೌಕ. ಒಳಗಿನ ಚಿಪ್ಪು ಒಂದು ಫೋಟೋವನ್ನು ಅದರ ಹಿಂದಿನದರ ಮೇಲಿಟ್ಟು, ಎಡಕ್ಕೆ ಬಲಕ್ಕೆ ಮೇಲಕ್ಕೆ ಕೆಳಕ್ಕೆ ಸರಿಸಿ, ಎಲ್ಲಿ ಚೆನ್ನಾಗಿ ಕೂಡುತ್ತದೆಂದು ಹುಡುಕುತ್ತದೆ. ಒಂದು ಚುಕ್ಕೆ ಬಲಕ್ಕೆ ಸರಿಸಿದಾಗ ಕೂಡಿತೆಂದರೆ ಮೌಸ್ ಅಷ್ಟು ಜರುಗಿದೆ ಎಂದು ಲೆಕ್ಕ.

ಈಗ ಅದೇ ಮೌಸನ್ನು ನಮ್ಮ ಕಚೇರಿಗಳ ಮೇಜಿನ ಮೇಲಿಡಿ. ಎಷ್ಟೋ ಮೇಜುಗಳ ಮೇಲೆ ದಪ್ಪ ಗಾಜಿನ ಹಾಳೆ, ಅದರಡಿ ರಜಾ ದಿನಗಳ ಪಟ್ಟಿ, ದೇವರ ಪಟ, ಫೋನ್ ನಂಬರುಗಳು. ಮನೆಯಲ್ಲಾದರೆ ಹೊಳಪು ಕೊಟ್ಟ ಗ್ರಾನೈಟ್. ಇಲ್ಲಿ ನೆರಳು ಮೂಡಿಸುವ ಒರಟೇ ಇಲ್ಲ. ಓರೆಯಾಗಿ ಬಿದ್ದ ಬೆಳಕು ಜಾರಿ ಆಚೆ ಹೋಗುತ್ತದೆ, ಇಲ್ಲವೇ ಗಾಜನ್ನು ಹಾದು ಕೆಳಗಿನ ದೇವರ ಪಟವನ್ನು ಮಸುಕಾಗಿ ಬೆಳಗುತ್ತದೆ. ಫೋಟೋದಲ್ಲಿ ಉಳಿಯುವುದು ಸಂವೇದಕದ ವಿದ್ಯುತ್ ಗದ್ದಲ ಮಾತ್ರ. ಗದ್ದಲವನ್ನು ಗದ್ದಲದ ಮೇಲಿಟ್ಟು ಹೊಂದಿಸಲು ಹೊರಟರೆ ಒಮ್ಮೊಮ್ಮೆ ಒಂದು ಚುಕ್ಕೆ ಆಚೀಚೆ ಹೊಂದಿದಂತೆ ತೋರುವುದು ಸಹಜ. ಮೌಸ್ ನಿಯತ್ತಾಗಿ ವರದಿ ಕಳಿಸುತ್ತದೆ: ಜರುಗಿದ್ದೇನೆ. ವಿಂಡೋಸ್ ಹೊತ್ತು ಬರೆದುಕೊಳ್ಳುತ್ತದೆ. ಬಾಣದ ಗುರುತು ಒಂದೇ ಬಿಂದುವಿನಷ್ಟು ನಡುಗಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸಂವೇದಕದ ಕಂಡಿಯಲ್ಲಿ ಸಿಕ್ಕಿಕೊಂಡ ಒಂದು ಕೂದಲೆಳೆ, ಫ್ಯಾನಿನ ಗಾಳಿಗೆ ಅಲುಗಾಡಿ ಇದೇ ಕೆಲಸ ಮಾಡಬಲ್ಲದು. ಮೇಜಿನ ಕಂಪನವೂ ಸಾಕು.

ಪರೀಕ್ಷೆ ಬಹಳ ಸುಲಭ. ಮೌಸಿನ ತಂತಿ ಕೀಳಿ, ಕೀಬೋರ್ಡ್ ಮುಟ್ಟಬೇಡಿ, ಕಾಯಿರಿ. ಸ್ಕ್ರೀನ್‌ಸೇವರ್ ಬಂದರೆ ಕಳ್ಳ ಸಿಕ್ಕಿದ. ಒಂದು ಮೌಸ್‌ಪ್ಯಾಡು, ಅದೂ ಬೇಡ, ಮಡಿಸಿದ ದಿನಪತ್ರಿಕೆ ಕೂಡ ಮದ್ದಾಗಬಹುದು. ತಂತಿಯಿಲ್ಲದ ಮೌಸ್ ಆದರೆ ಹಳೆಯ ಮೌಸಿನ ಡಾಂಗಲ್ ಏನಾದರೂ ಕಂಪ್ಯೂಟರಿನ ಹಿಂಬದಿಯಲ್ಲಿ ಉಳಿದಿದೆಯೇ ನೋಡಿ. ಡ್ರಾಯರಿನಲ್ಲಿ ಬಿದ್ದಿರುವ ಆ ಹಳೆಯದು ಬ್ಯಾಟರಿ ಮುಗಿಯುವವರೆಗೆ ಸುದ್ದಿ ಕಳಿಸುತ್ತಲೇ ಇರಬಹುದು.

ಇದರ ತಮ್ಮನಂಥ ಇನ್ನೊಂದು ದೋಷವಿದೆ: ಸ್ಕ್ರೀನ್‌ಸೇವರ್ ಬಂದ ಹಾಗೆ ಮಾಡಿ ಕ್ಷಣದಲ್ಲೇ ಮಾಯವಾಗುವುದು. ಇಲ್ಲಿ ಮೌಸ್ ಅಲುಗಿರಬೇಕೆಂದೂ ಇಲ್ಲ. ಪರದೆಯ ಮೇಲೆ ಹೊಸ ಕಿಟಕಿ ತೆರೆದುಕೊಂಡಾಗ, ಬಾಣ ಅದರ ಮೇಲೆ ನಿಂತಿದ್ದರೆ, ವಿಂಡೋಸ್ ಆ ಕಿಟಕಿಗೆ ಮೌಸ್ ಚಲನೆಯ ಸಂದೇಶವೊಂದನ್ನು ತಾನೇ ಕಳಿಸುತ್ತದೆ. ಸ್ಕ್ರೀನ್‌ಸೇವರ್ ಎಂದರೆ ಇಡೀ ಪರದೆ ತುಂಬುವ ಕಿಟಕಿ. ಬಾಣ ಅದರ ಮೇಲಲ್ಲದೆ ಇನ್ನೆಲ್ಲಿ ನಿಂತೀತು? ಜಾಗ ನಿಜಕ್ಕೂ ಬದಲಾಯಿತೇ ಎಂದು ನೋಡದೆ, ಸಂದೇಶ ಬಂತೆಂದ ಮಾತ್ರಕ್ಕೆ ಮನುಷ್ಯ ಮರಳಿದನೆಂದು ತಿಳಿಯುವ ಸ್ಕ್ರೀನ್‌ಸೇವರ್ ಕಣ್ಣು ತೆರೆಯುವ ಮೊದಲೇ ಮುಚ್ಚಿಕೊಳ್ಳುತ್ತದೆ. ಇದು ಬರೆದವರ ಅಜಾಗರೂಕತೆ. ಬೇರೆ ಸ್ಕ್ರೀನ್‌ಸೇವರ್ ಹಾಕಿಕೊಳ್ಳುವುದು ನಿಜಕ್ಕೂ ಪರಿಹಾರವಾಗುವ ಅಪರೂಪದ ಸಂದರ್ಭವೂ ಹೌದು.

ಮೌಸ್ ಕಿತ್ತರೂ ಬರಲಿಲ್ಲವೇ? ಹಾಗಾದರೆ ತಡೆಯುತ್ತಿರುವವರು ಒಳಗಿನವರು. ಕಾಯುವ ಅವಧಿ ಮುಗಿದೊಡನೆ ವಿಂಡೋಸ್ ತಟ್ಟನೆ ಸ್ಕ್ರೀನ್‌ಸೇವರನ್ನು ಓಡಿಸಿಬಿಡುವುದಿಲ್ಲ. ಆಗ ಮುಂದೆ ತೆರೆದಿರುವ ಪ್ರೋಗ್ರಾಮಿಗೆ ಮೊದಲು ಒಂದು ಸಂದೇಶ ಕಳಿಸುತ್ತದೆ, ಇನ್ನು ಶುರು ಮಾಡಬಹುದೇ ಎಂಬ ಅರ್ಥದಲ್ಲಿ. ಹೆಚ್ಚಿನ ಪ್ರೋಗ್ರಾಮುಗಳು ಅದನ್ನು ಹಾಗೇ ಮುಂದಕ್ಕೆ ದಾಟಿಸುತ್ತವೆ. ಸಿನಿಮಾ ತೋರಿಸುತ್ತಿರುವ ಪ್ಲೇಯರ್, ಭಾಷಣಕ್ಕೆ ಸ್ಲೈಡ್ ಹಾಕಿಕೊಂಡಿರುವ ಪವರ್‌ಪಾಯಿಂಟ್ ಬೇಡ ಎನ್ನಬಹುದು. ಅದು ನ್ಯಾಯವೇ. ಎರಡೂವರೆ ಗಂಟೆ ಸಿನಿಮಾ ನೋಡುವವರು ಕೀಲಿ ಮುಟ್ಟದಿದ್ದರೂ ಕುರ್ಚಿಯಲ್ಲೇ ಇದ್ದಾರೆ. ಕೈ ಅಲುಗದಿದ್ದರೆ ಮನುಷ್ಯ ಇಲ್ಲ ಎಂಬ ಸೋಕಾನ ಕಾಲದ ತರ್ಕ ವಿಡಿಯೋ ಬಂದಾಗ ಮುರಿದುಬಿತ್ತು, ಆ ಮುರುಕಿಗೆ ಹಾಕಿದ ತೇಪೆ ಈ ಅನುಮತಿ ಕೇಳುವ ಪದ್ಧತಿ.

ತೇಪೆಯ ಅಂಚು ಬಿಡುವುದು ಎಲ್ಲೆಂದರೆ, ಬೇಡ ಎಂದವರು ಹೇಳಿದ್ದನ್ನು ಮರೆತಾಗ. ವಿಡಿಯೋ ಮುಗಿದಿದ್ದರೂ, ಪರದೆ ಆರಿಸಬೇಡಿ ಎಂದು ಮೊದಲೇ ಸಲ್ಲಿಸಿದ್ದ ಕೋರಿಕೆಯನ್ನು ಪ್ಲೇಯರ್ ಹಿಂಪಡೆದಿರುವುದಿಲ್ಲ. ಬ್ರೌಸರಿನ ಹದಿನೇಳನೆಯ ಟ್ಯಾಬಿನಲ್ಲಿ ಸದ್ದು ಅಡಗಿಸಿದ ವಿಡಿಯೋ ಓಡುತ್ತಿರುತ್ತದೆ. ವಿಡಿಯೋ ಸಭೆ ಮುಗಿದರೂ ಕಿಟಕಿ ಮುಚ್ಚಿರುವುದಿಲ್ಲ. ಅದೃಷ್ಟಕ್ಕೆ ಇಂಥ ಕೋರಿಕೆಗಳಿಗೆ ವಿಂಡೋಸ್ ಲೆಕ್ಕ ಇಟ್ಟಿರುತ್ತದೆ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ರಿಕ್ವೆಸ್ಟ್ಸ್ ಎಂದು ಸೇರಿಸಿದರೆ ಪರದೆಯನ್ನು ಆರಿಸಬೇಡಿ ಎಂದು ಕೇಳಿಕೊಂಡಿರುವವರ ಹೆಸರು ಡಿಸ್‌ಪ್ಲೇ ಎಂಬ ತಲೆಬರಹದಡಿ ಬರುತ್ತದೆ. ಮ್ಯಾಕ್‌ನಲ್ಲಿ ಪಿಎಂಸೆಟ್ ಎಂಬ ಆದೇಶ ಇದೇ ಬಗೆಯ ಪಟ್ಟಿ ಕೊಡುತ್ತದೆ. ಬೇಕೆಂದೇ ಎಚ್ಚರವಾಗಿಡುವ ಆದೇಶವೂ ಮ್ಯಾಕ್‌ನಲ್ಲಿ ಉಂಟು, ಹೆಸರು ಕ್ಯಾಫಿನೇಟ್. ಕಾಫಿ ಸೀಮೆಯವರಾದ ನಮಗೆ ವಿವರಣೆ ಬೇಡ. ಲಿನಕ್ಸ್‌ನ ಸಮಸ್ಯೆ ತುಸು ಬೇರೆ. 1992ರಿಂದ ಇರುವ ಜೇಮಿ ಜವಿನ್ಸ್ಕಿಯ ಎಕ್ಸ್‌ಸ್ಕ್ರೀನ್‌ಸೇವರ್, ಹಳೆಯ ಎಕ್ಸ್ ವ್ಯವಸ್ಥೆಯನ್ನು ಕೇಳಿ ಮೌನದ ಲೆಕ್ಕ ಪಡೆಯುತ್ತಿತ್ತು. ಈಗ ಬಹಳ ಕಡೆ ಎಕ್ಸ್ ಹೋಗಿ ವೇಲ್ಯಾಂಡ್ ಬಂದಿದೆ, ಹಳೆಯ ಪ್ರಶ್ನೆಗೆ ಅಲ್ಲಿ ಉತ್ತರ ಕೊಡುವವರಿಲ್ಲ. ಲಿನಕ್ಸ್ ಹೊಸ ಆವೃತ್ತಿಗೆ ಏರಿದ ಮರುದಿನವೇ ಸ್ಕ್ರೀನ್‌ಸೇವರ್ ನಿಂತಿತು ಎಂಬುವವರು ಮೊದಲು ನೋಡಬೇಕಾದ್ದು ಇದನ್ನು.

ಪಟ್ಟಿಯಲ್ಲೂ ಯಾರೂ ಸಿಗದಿದ್ದರೆ ಉಳಿಯುವುದು ಅರ್ಧರ್ಧ ಮಾಡುವ ವಿಧಾನ. ಕಂಪ್ಯೂಟರ್ ಆನ್ ಆದಾಗ ತಾವಾಗಿ ಶುರುವಾಗುವ ಪ್ರೋಗ್ರಾಮುಗಳು ಮೂವತ್ತೆರಡು ಇವೆ ಎಂದುಕೊಳ್ಳಿ. ಒಂದೊಂದಾಗಿ ನಿಲ್ಲಿಸಿ ನೋಡಿದರೆ ದಿನ ಹೋಗುತ್ತದೆ. ಹದಿನಾರನ್ನು ನಿಲ್ಲಿಸಿ, ಮತ್ತೆ ಶುರು ಮಾಡಿ, ಕಾಯಿರಿ. ಸ್ಕ್ರೀನ್‌ಸೇವರ್ ಬಂದರೆ ಕಳ್ಳ ನಿಲ್ಲಿಸಿದವರಲ್ಲಿದ್ದಾನೆ, ಬರದಿದ್ದರೆ ಉಳಿದವರಲ್ಲಿ. ಆ ಹದಿನಾರನ್ನು ಎಂಟು ಮಾಡಿ, ಎಂಟನ್ನು ನಾಲ್ಕು. ಐದೇ ಸುತ್ತಿನಲ್ಲಿ ಒಬ್ಬನೇ ಉಳಿಯುತ್ತಾನೆ. ಈ ಜಾಣ ಉಪಾಯಕ್ಕೊಂದು ಕುಂದಿದೆ. ಪುಸ್ತಕಗಳಲ್ಲಿ ಇದನ್ನು ಹೇಳುವವರು ಕುಂದನ್ನು ಹೇಳುವುದು ಕಡಿಮೆ. ಕಳ್ಳ ಒಬ್ಬನೇ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಇಬ್ಬರಿದ್ದು, ಒಬ್ಬ ಈ ಅರ್ಧದಲ್ಲಿ ಇನ್ನೊಬ್ಬ ಆ ಅರ್ಧದಲ್ಲಿ ಸೇರಿಕೊಂಡರೆ ಯಾವ ಅರ್ಧವನ್ನು ನಿಲ್ಲಿಸಿದರೂ ಸ್ಕ್ರೀನ್‌ಸೇವರ್ ಬರುವುದಿಲ್ಲ. ಅಂಥಲ್ಲಿ ಎಲ್ಲವನ್ನೂ ನಿಲ್ಲಿಸಿ, ಸ್ಕ್ರೀನ್‌ಸೇವರ್ ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಬಿಡುವುದೇ ಸರಿ. ಗಾಜಿನ ಮೇಜಿನ ಮೇಲಿನ ಮೌಸು ಮತ್ತು ಕೋರಿಕೆ ಮರೆತ ಪ್ಲೇಯರ್ ಒಟ್ಟಿಗೆ ಇರುವ ಕಂಪ್ಯೂಟರುಗಳು ಅಪರೂಪವೇನಲ್ಲ. ಮೌಸ್ ಕಿತ್ತು ನೋಡಿದೆ, ಅದರ ತಪ್ಪಲ್ಲ ಎಂದು ಮತ್ತೆ ಸಿಕ್ಕಿಸಿ, ಪ್ಲೇಯರ್ ಮುಚ್ಚಿ ನೋಡಿದೆ, ಅದರದ್ದೂ ಅಲ್ಲ ಎಂದು ಕೈಚೆಲ್ಲುವವರು ಇಬ್ಬರೂ ತಪ್ಪಿತಸ್ಥರನ್ನು ಕೈಯಾರೆ ಬಿಡುಗಡೆ ಮಾಡಿರುತ್ತಾರೆ.

ಇನ್ನೊಂದು ಬಗೆಯ ದೂರಿನಲ್ಲಿ ಎಲ್ಲವೂ ಸರಿಯಿರುತ್ತದೆ. ಸ್ಕ್ರೀನ್‌ಸೇವರ್ ಹದಿನೈದು ನಿಮಿಷಕ್ಕೆ ಇಟ್ಟಿರುತ್ತಾರೆ. ಪವರ್ ಸೆಟ್ಟಿಂಗ್ಸ್‌ನಲ್ಲಿ ಪರದೆ ಹತ್ತು ನಿಮಿಷಕ್ಕೇ ಆರುವಂತಿರುತ್ತದೆ. ಮೀನು ಈಜುವುದು ನೋಡಬೇಕೆಂದವರಿಗೆ ಕತ್ತಲೆ ಸಿಗುತ್ತದೆ. ಎರಡೂ ಗಡಿಯಾರಗಳು ಒಂದೇ ಮೌನವನ್ನು ಎಣಿಸುತ್ತಿವೆ, ಚಿಕ್ಕ ಅಂಕಿಯದ್ದು ಗೆಲ್ಲುತ್ತದೆ. ಸ್ಕ್ರೀನ್‌ಸೇವರಿನ ಅಂಕಿ ಇಳಿಸಿದರೆ ಮುಗಿಯಿತು. ಆದರೆ ಇಳಿಸಬೇಕೇ? ಪರದೆ ಆರಿಸುವ ಗಡಿಯಾರ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ಅಮೆರಿಕದ ಎನರ್ಜಿ ಸ್ಟಾರ್ ಯೋಜನೆ 1992ರದ್ದು, ಮಾನಿಟರಿಗೆ ಮಲಗು ಎಂದು ಕಂಪ್ಯೂಟರ್ ಹೇಳುವ ವೆಸಾ ಮಾನದಂಡ 1993ರದ್ದು. ಆ ಹೊತ್ತಿಗೇ ಸ್ಕ್ರೀನ್‌ಸೇವರಿನ ಮೂಲ ಕೆಲಸ ಮುಗಿದಿತ್ತು. ಈಗಿನ ಎಲ್‌ಸಿಡಿ ಪರದೆಯಲ್ಲಿ ಫಾಸ್ಫರ್ ಉರಿಯುವ ಮಾತಿಲ್ಲ. ಹಿಂಬದಿಯ ದೀಪ ಚಿತ್ರ ಕಪ್ಪಾದರೂ ಬೆಳಗುತ್ತಲೇ ಇರುತ್ತದೆ, ಹಾಗಾಗಿ ಸ್ಕ್ರೀನ್‌ಸೇವರಿನಿಂದ ಕರೆಂಟೂ ಉಳಿಯುವುದಿಲ್ಲ. ಉಳಿಯುವುದಿರಲಿ, ಮೂರು ಆಯಾಮದ ಕೊಳವೆಗಳನ್ನು ಬಿಡಿಸುತ್ತ ಕೂರುವ ಗ್ರಾಫಿಕ್ಸ್ ಚಿಪ್ಪು ಹೆಚ್ಚೇ ತಿನ್ನುತ್ತದೆ. ವಿಂಡೋಸ್ ಎನ್‌ಟಿ ಕಾಲದಲ್ಲಿ ಸರ್ವರುಗಳ ಮೇಲೆ ಆ ಕೊಳವೆಗಳನ್ನು ಓಡಿಸಬೇಡಿ ಎಂದು ಮೈಕ್ರೋಸಾಫ್ಟೇ ಹೇಳಬೇಕಾಗಿ ಬಂದಿತ್ತು. ಯಾರೂ ನೋಡದ ಪರದೆಯ ಮೇಲೆ ಚಿತ್ರ ಬಿಡಿಸುವುದರಲ್ಲೇ ಸರ್ವರಿನ ಶಕ್ತಿ ಸೋರುತ್ತಿತ್ತು. ಓಎಲ್‌ಇಡಿ ಪರದೆ ಇರುವವರ ಮಾತು ಬೇರೆ. ಅಲ್ಲಿ ಪ್ರತಿ ಬಿಂದುವೂ ತಾನೇ ಬೆಳಗಿ ತಾನೇ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ. ಸೋಕಾನ ಚಿಂತೆ ಮರಳಿ ಬಂದಿದೆ. ಅವರಿಗೂ ನನ್ನ ಸಲಹೆ ಸೋಕಾ ಮಾಡಿದ್ದೇ: ಪೂರಾ ಕಪ್ಪು.

ಕಚೇರಿಯ ಕಂಪ್ಯೂಟರಿನಲ್ಲಿ ಸ್ಕ್ರೀನ್‌ಸೇವರಿನ ಆಯ್ಕೆಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ, ಒತ್ತಿದರೂ ಮಿಸುಕದಿದ್ದರೆ ಪತ್ತೇದಾರಿ ಕೆಲಸ ಬೇಡ. ಅದು ದೋಷವಲ್ಲ, ಸಿಸ್ಟಂ ಅಡ್ಮಿನ್ ಬರೆದ ನಿಯಮ. ಅವರಿಗೆ ಬೇಕಿರುವುದು ಚಿತ್ರವಲ್ಲ, ಆಮೇಲೆ ಬರುವ ಪಾಸ್‌ವರ್ಡಿನ ಬೀಗ. ನಿಯಮದಲ್ಲೇ ಬೀಗ ಕಡ್ಡಾಯವಾಗಿದ್ದರೆ ವಿಂಡೋಸ್, ಮುಂದಿರುವ ಪ್ರೋಗ್ರಾಂ ಆ ಸಂದೇಶಕ್ಕೆ ಬೇಡ ಎಂದರೂ ಲೆಕ್ಕಿಸದೆ ಸ್ಕ್ರೀನ್‌ಸೇವರನ್ನು ಓಡಿಸುತ್ತದೆ.

ಬೀಗವಲ್ಲದೆ ಮನುಷ್ಯರಿಲ್ಲದ ಹೊತ್ತಿಗೆ ಬೇರೊಂದು ಬೆಲೆಯೂ ಬಂದಿತ್ತು. 1999ರ ಮೇ ತಿಂಗಳಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೆಟಿ ಅಟ್ ಹೋಮ್ ಎಂಬ ಸ್ಕ್ರೀನ್‌ಸೇವರನ್ನು ಹಂಚಿತು. ನೀವು ಎದ್ದುಹೋದಾಗ ಅದು ಅರೆಸಿಬೋ ರೇಡಿಯೋ ದೂರದರ್ಶಕ ಹಿಡಿದ ಸದ್ದಿನ ತುಣುಕುಗಳನ್ನು ಜಾಲಾಡಿ, ಭೂಮಿಯಾಚೆಯ ಬುದ್ಧಿಜೀವಿಗಳ ಸುಳಿವು ಹುಡುಕುತ್ತಿತ್ತು. ಐವತ್ತು ಲಕ್ಷಕ್ಕೂ ಹೆಚ್ಚು ಜನ ಇದಕ್ಕೆ ಸೇರಿದರು. 2020ರ ಮಾರ್ಚಿನಲ್ಲಿ ಹೊಸ ತುಣುಕುಗಳ ಹಂಚಿಕೆ ನಿಂತಿತು. ಅಂಥ ಸಂಕೇತ ಸಿಗಲಿಲ್ಲ. ಆದರೆ ಕಾಯುವವನು ಎಣಿಸುವ ಮೌನ ಎಷ್ಟು ದೊಡ್ಡ ಆಸ್ತಿ ಎಂಬುದು ತಿಳಿಯಿತು.

ಈಗ ಅದೇ ಎಣಿಕೆ ಬೇರೆ ಯಜಮಾನರ ಕೈಗೆ ಬಂದಿದೆ. ಮನೆಯಿಂದ ಕೆಲಸ ಮಾಡುವವರ ಹೆಸರಿನ ಪಕ್ಕದ ಹಸಿರು ಚುಕ್ಕೆ ಹಳದಿಯಾಗುವುದು, ಉದ್ಯೋಗಿ ಕುರ್ಚಿಯಲ್ಲಿಲ್ಲ ಎಂದು ಮೇಲಧಿಕಾರಿಗೆ ತಿಳಿಯುವುದು, ಎಲ್ಲವೂ ಕೊನೆಯ ಕೀಲಿ ಒತ್ತಿದ ಹೊತ್ತಿನ ಲೆಕ್ಕದಿಂದಲೇ. ಅದಕ್ಕೆ ತಕ್ಕ ಮದ್ದೂ ಬಂದಿದೆ: ಮೌಸನ್ನು ಸುಮ್ಮನೆ ಅಲುಗಿಸುತ್ತಿರುವ ಜಿಗ್ಲರ್ ಎಂಬ ಸಾಧನ. ದುಡ್ಡು ಕೊಡಲು ಮನಸ್ಸಿಲ್ಲದವರು ಬೆಳಕಿನ ಮೌಸನ್ನು ಮುಳ್ಳಿನ ಕೈಗಡಿಯಾರದ ಮೇಲೆ ಕೂರಿಸುತ್ತಾರೆ. ಸೆಕೆಂಡಿನ ಮುಳ್ಳು ಕ್ಯಾಮೆರಾದ ಕೆಳಗೆ ಹಾದಾಗಲೆಲ್ಲ ನೆರಳು ಜರುಗುತ್ತದೆ, ಮೌಸ್ ವರದಿ ಕಳಿಸುತ್ತದೆ. ಗಾಜಿನ ಮೇಜಿನ ಮೇಲೆ ನಾವು ರೋಗವೆಂದು ಹಿಡಿದದ್ದನ್ನು ಇವರು ಬೇಕೆಂದೇ ಬರಿಸಿಕೊಳ್ಳುತ್ತಾರೆ. 2024ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದು ಹೀಗೆ ಕೀಬೋರ್ಡ್ ಚಟುವಟಿಕೆಯ ಸೋಗು ಹಾಕಿದರೆಂದು ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ತೆಗೆಯಿತು. ನನ್ನನ್ನು ಕೇಳಿದರೆ ತಪ್ಪು ಒಂದೇ ಕಡೆಯದಲ್ಲ. ಫಾಸ್ಫರ್ ಪುಡಿ ಉಳಿಸಲು ಹೊಂದಿಸಿದ ಅಂದಾಜನ್ನು ಹಾಜರಿ ಪುಸ್ತಕ ಮಾಡಿಕೊಂಡವರದ್ದೂ ಇದೆ. ದಾಖಲೆ ಓದುತ್ತ, ಪೆನ್ನು ಕಚ್ಚುತ್ತ, ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುತ್ತ ಕೂತವರು ಆ ಲೆಕ್ಕದಲ್ಲಿ ಇಲ್ಲದವರೇ.

ಇಷ್ಟೆಲ್ಲ ಆದಮೇಲೆ ಕಂಪ್ಯೂಟರ್ ತಯಾರಕರು ಕೈಗಳನ್ನು ಬಿಟ್ಟು ದೇಹವನ್ನೇ ನೋಡಲು ಹೊರಟಿದ್ದಾರೆ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಪರದೆಯ ಮೇಲಂಚಿನ ಸಂವೇದಕವೊಂದು ಎದುರಿಗೆ ಜನ ಇದ್ದಾರೆಯೇ ಎಂದು ಗಮನಿಸುತ್ತದೆ. ಅದರ ಸೌಲಭ್ಯಗಳನ್ನು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲೇ ಕೊಟ್ಟಿದ್ದಾರೆ: ಹತ್ತಿರ ಬಂದರೆ ಎಚ್ಚರವಾಗು, ಎದ್ದುಹೋದರೆ ಬೀಗ ಹಾಕು. ಹಾಗಾಗಿ ನಿಮ್ಮ ಲ್ಯಾಪ್‌ಟಾಪ್ ಹೊಸದಾಗಿದ್ದು, ನೀವು ಎದುರಿಗೆ ಕೂತು ಓದುತ್ತಿರುವಾಗಲೇ ಪರದೆ ಆರುತ್ತಿದ್ದರೆ, ಅಥವಾ ಎದ್ದುಹೋಗಿ ಎಷ್ಟು ಹೊತ್ತಾದರೂ ಆರದಿದ್ದರೆ, ಮೌಸಿನ ತಂತಿ ಕೀಳುವ ಮೊದಲು ಪ್ರೆಸೆನ್ಸ್ ಸೆನ್ಸಿಂಗ್ ಎಂಬ ಆ ಆಯ್ಕೆಯನ್ನು ಒಮ್ಮೆ ಆಫ್ ಮಾಡಿ ನೋಡಿ. ಸಂವೇದಕದ ಕಂಡಿಗೆ ಬೆರಳಿನ ಎಣ್ಣೆಯೋ ಸ್ಟಿಕ್ಕರಿನ ಅಂಚೋ ಅಂಟಿದ್ದರೆ ಒರೆಸಿ.